ದೋಣಿಗೆ ಕಾಯುವ ಊರುಗಳು

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ದ್ವೀಪ ನೋಡಿದವರು ಕೈ ಎತ್ತಿ. ಪರವಾಗಿಲ್ಲ, ಅರ್ಧ ಸಭೆ ಇದೆ. ಯಾವ ದ್ವೀಪ? ಅಂಡಮಾನ್, ಲಕ್ಷದ್ವೀಪ, ಬಾಲಿ. ಆ ಮೂಲೆಯಲ್ಲಿ ಮಾಲ್ಡೀವ್ಸ್ ಅಂದರು, ಮದುವೆ ಈಚೆಗೆ ಆಗಿರಬೇಕು. ಸರಿ, ಶ್ರೀರಂಗಪಟ್ಟಣಕ್ಕೆ ಹೋದವರು? ನೋಡಿ, ಈಗ ಎಲ್ಲರ ಕೈಯೂ ಮೇಲಿದೆ. ಹಾಗಾದರೆ ಮೊದಲು ಕೈ ಎತ್ತದ ಅರ್ಧ ಜನ ಸುಳ್ಳು ಹೇಳಿದಿರಿ ಅಂತಾಯ್ತು. ಕಾವೇರಿ ಎರಡು ಕವಲಾಗಿ ಸುತ್ತುವ ಆ ಊರು ದ್ವೀಪ ಅಲ್ವಾ?

ನಿಮ್ಮ ತಪ್ಪಲ್ಲ. ರೈಲು, ಬಸ್ಸು, ಕಾರು ಎಲ್ಲ ಸೇತುವೆ ಮೇಲೆ ಸರಾಗವಾಗಿ ಹೋಗುತ್ತವೆ. ನೀರು ದಾಟಿದ್ದು ಗೊತ್ತೇ ಆಗುವುದಿಲ್ಲ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದೂ ಇದನ್ನೇ. ಒಂದು ಊರು ದ್ವೀಪವೋ ಅಲ್ಲವೋ ಅಂತ ನಕ್ಷೆ ನೋಡಿ ತಿಳಿಯುವುದು ಕಷ್ಟ. ಆ ಊರಿನವರು ಏನಕ್ಕೆ ಕಾಯುತ್ತಾರೆ ಅಂತ ನೋಡಬೇಕು. ಪೇಟೆಗೆ, ಆಸ್ಪತ್ರೆಗೆ, ಮದುವೆಗೆ ಹೊರಟವರು ತಮ್ಮ ಕೈಯಲ್ಲಿಲ್ಲದ ಒಂದು ಗಡಿಯಾರ ನೋಡಿಕೊಂಡು ಹೊರಡಬೇಕಾಗಿದ್ದರೆ, ಅದು ದ್ವೀಪ.

ಪದದಿಂದ ಶುರು ಮಾಡೋಣ. ದ್ವೀಪ ಅನ್ನುವುದು ಸಂಸ್ಕೃತದಿಂದ ಬಂದದ್ದು, ಪಠ್ಯಪುಸ್ತಕದ ಮಾತು. ನೀರಿನ ನಡುವೆ ಬದುಕುವವರು ಅದನ್ನು ಹೆಚ್ಚಾಗಿ ಬಳಸುವುದಿಲ್ಲ. ಉಡುಪಿ, ಕುಂದಾಪುರದ ಕಡೆ ಕುದ್ರು ಅನ್ನುತ್ತಾರೆ. ಕುಮಟಾ, ಹೊನ್ನಾವರಕ್ಕೆ ಹೋದರೆ ಅದೇ ಕುರ್ವೆ, ಕೂರ್ವೆ ಆಗುತ್ತದೆ. ರಾಯಚೂರು, ಯಾದಗಿರಿಯಲ್ಲಿ ಗಡ್ಡೆ, ಗಡ್ಡಿ. ಊರ ಹೆಸರುಗಳನ್ನೇ ಕೇಳಿ: ಉಪ್ಪಿನಕುದ್ರು, ಕನ್ನಡಕುದ್ರು, ಮಾವಿನಕುರ್ವೆ, ಐಗಳಕೂರ್ವೆ, ನಾರದಗಡ್ಡೆ, ನೀಲಕಂಠರಾಯನಗಡ್ಡಿ. ಬಸ್ಸಿನ ಬೋರ್ಡಿನಲ್ಲಿ ಈ ಹೆಸರು ಕಂಡರೆ ಸಾಕು, ಅಲ್ಲಿ ಎಲ್ಲೋ ನೀರು ಕವಲೊಡೆದಿದೆ ಅಂತ ಅರ್ಥ. ಸರ್ವೆ ಇಲಾಖೆಯ ನಕ್ಷೆಯೇ ಬೇಕಿಲ್ಲ.

ಕುದ್ರು ಹೇಗೆ ಹುಟ್ಟುತ್ತದೆ? ಘಟ್ಟದಿಂದ ಇಳಿದು ಬರುವ ಹೊಳೆ ಮಳೆಗಾಲದಲ್ಲಿ ಮಣ್ಣು, ಮರಳು ಹೊತ್ತು ತರುತ್ತದೆ. ಕಡಲು ಹತ್ತಿರ ಬಂದಾಗ ಎದುರಿನಿಂದ ಉಬ್ಬರದ ನೀರು ತಳ್ಳುತ್ತದೆ. ಹೊಳೆಯ ಓಟ ನಿಧಾನವಾಗುತ್ತದೆ. ನಿಧಾನವಾದ ನೀರಿಗೆ ಹೊರೆ ಹೊರುವ ಶಕ್ತಿ ಇರುವುದಿಲ್ಲ, ಇಳಿಸಿಬಿಡುತ್ತದೆ. ಹಾಗೆ ಇಳಿಸಿದ ಮಣ್ಣಿನ ಮೇಲೆ ಉಪ್ಪುನೀರಿನಲ್ಲೂ ಬೆಳೆಯುವ ಕಾಂಡ್ಲಾ ಗಿಡ ಬೇರು ಬಿಟ್ಟರೆ ಮುಗಿಯಿತು, ಮಣ್ಣು ಮತ್ತೆ ಎದ್ದು ಹೋಗುವುದಿಲ್ಲ. ಕುಂದಾಪುರ, ಗಂಗೊಳ್ಳಿಯ ಹತ್ತಿರ ಇಂಥ ಹೊಳೆಗಳು ಒಂದಲ್ಲ, ಐದು ಬಂದು ಸೇರುತ್ತವೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ಅದಕ್ಕೇ ಪಂಚಗಂಗಾವಳಿ ಅಂತ ಹೆಸರು. ಐದು ಹೊಳೆ ಹೊರೆ ಇಳಿಸುವ ಜಾಗದಲ್ಲಿ ಕುದ್ರುಗಳು ಜಾಸ್ತಿ ಇರುವುದರಲ್ಲಿ ಆಶ್ಚರ್ಯ ಏನಿಲ್ಲ.

ಕುದ್ರುವಿನಲ್ಲಿ ನಾನು ಮೊದಲು ನೋಡುವುದು ಬಾವಿ. ತೆಂಗಿನ ತೋಟ, ದೋಣಿ, ಸೂರ್ಯಾಸ್ತ ಎಲ್ಲ ಫೋಟೋದಲ್ಲಿ ಸಿಗುತ್ತವೆ. ಬಾವಿ ಮಾತ್ರ ಬಗ್ಗಿ ನೋಡಬೇಕು. ಸುತ್ತ ಉಪ್ಪುನೀರು, ಆದರೆ ಹತ್ತಿಪ್ಪತ್ತು ಹೆಜ್ಜೆ ಒಳಗೆ ತೋಡಿದ ಬಾವಿಯಲ್ಲಿ ಸಿಹಿನೀರು! ಹೇಗೆ? ಮಳೆನೀರು ಉಪ್ಪುನೀರಿಗಿಂತ ಹಗುರ. ಮರಳಿನೊಳಗೆ ಇಳಿದ ಮಳೆನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ, ಸಾರಿನ ಮೇಲೆ ಎಣ್ಣೆ ನಿಂತ ಹಾಗೆ. ಇದರಲ್ಲಿ ಒಂದು ಲೆಕ್ಕ ಇದೆ. ಸಮುದ್ರ ಮಟ್ಟದಿಂದ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇದೇ ಲೆಕ್ಕ ತಿರುಗಿಯೂ ಬೀಳುತ್ತದೆ. ಪಂಪ್ ಹಾಕಿ ಮೇಲಿನ ಒಂದು ಅಡಿ ಎಳೆದರೆ, ಕೆಳಗಿನ ಉಪ್ಪು ನಲವತ್ತು ಅಡಿ ಮೇಲೇರಲು ಹೊರಡುತ್ತದೆ. ಅದಕ್ಕೇ ಇಂಥ ಕಡೆ ಕೊಡಪಾನದಲ್ಲಿ ಸೇದುವ ಆಳವಿಲ್ಲದ ಬಾವಿ ಉಳಿದುಕೊಳ್ಳುತ್ತದೆ, ಬೋರ್‌ವೆಲ್ ಕೈಕೊಡುತ್ತದೆ. ಹಿರಿಯರಿಗೆ ಈ ಲೆಕ್ಕ ಬರೆದು ತೋರಿಸಲು ಬರುತ್ತಿರಲಿಲ್ಲ. ಎಷ್ಟು ಕೊಡ ಸೇದಿದರೆ ನೀರಿನ ರುಚಿ ಬದಲಾಗುತ್ತದೆ ಅಂತ ನಾಲಿಗೆಗೆ ಗೊತ್ತಿತ್ತು.

ಉಪ್ಪಿನಕುದ್ರುವಿಗೆ ಈಗ ರಸ್ತೆ ಇದೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಸಾಕು. ಆದರೆ ಅಲ್ಲಿ ಬೆಳೆದ ಒಂದು ಕಲೆ ಇದೆ, ಯಕ್ಷಗಾನ ಗೊಂಬೆಯಾಟ. ಮೊಣಕಾಲೆತ್ತರದ ಸೂತ್ರದ ಗೊಂಬೆಗಳು. ಬಡಗುತಿಟ್ಟಿನ ವೇಷ, ಭಾಗವತಿಕೆ, ಚೆಂಡೆ, ಮದ್ದಳೆ ಎಲ್ಲ ಹಾಗೇ ಇರುತ್ತದೆ. ಕುಣಿಯುವುದು ಮಾತ್ರ ಮರದ ಕಾಲು. ದೇವಣ್ಣ ಕಾಮತರು, ಅವರ ಮಗ ಕೊಗ್ಗ ಕಾಮತರು, ಆಮೇಲೆ ಅವರ ಮಗ ಭಾಸ್ಕರ್ ಕೊಗ್ಗ ಕಾಮತರು, ಹೀಗೆ ಮನೆತನದಲ್ಲೇ ಸೂತ್ರ ಕೈಯಿಂದ ಕೈಗೆ ಬಂದಿದೆ. ಕೊಗ್ಗ ಕಾಮತರ ಕಾಲದಲ್ಲಿ ಈ ಗೊಂಬೆಗಳು ವಿದೇಶಕ್ಕೂ ಹೋದವು. ನಾನು ಒಮ್ಮೆ ಆಟ ನೋಡಿ ಹೊರಬಂದಾಗ ಒಂದು ಯೋಚನೆ ಬಂತು. ಇದು ನನ್ನ ಊಹೆ ಮಾತ್ರ, ಇತಿಹಾಸ ಅಂತ ಬರೆದುಕೊಳ್ಳಬೇಡಿ. ದೊಡ್ಡ ಮೇಳದಲ್ಲಿ ಹತ್ತಾರು ಕಲಾವಿದರು, ಅವರ ವೇಷದ ಪೆಟ್ಟಿಗೆ, ರಂಗಸ್ಥಳದ ಸಾಮಾನು. ಗೊಂಬೆ ಮೇಳ? ಇಡೀ ಲಂಕೆ ಒಂದೆರಡು ಪೆಟ್ಟಿಗೆಯಲ್ಲಿ ಹಿಡಿಯುತ್ತದೆ. ದೋಣಿ ಹತ್ತಿ ಆಟಕ್ಕೆ ಹೋಗಬೇಕಾದ ಊರಿಗೆ ಎಂಥ ಅನುಕೂಲ!

ಇನ್ನು ಕುರ್ವೆ. ಅಘನಾಶಿನಿ ನನಗೆ ತುಂಬ ಇಷ್ಟದ ಹೊಳೆ. ಅದಕ್ಕೆ ಅಣೆಕಟ್ಟು ಇಲ್ಲ. ಘಟ್ಟದ ಮಣ್ಣು, ಎಲೆಗೊಬ್ಬರ ಎಲ್ಲ ನೇರ ಅಳಿವೆಗೆ ಬರುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಂದರೆ ಜಗತ್ತಿನ ಮಟ್ಟದಲ್ಲಿ ಮುಖ್ಯವಾದ ಜೌಗು ಪ್ರದೇಶ ಅಂತ. ಇಳಿತದ ಹೊತ್ತಿಗೆ ಹೋಗಿ ನೋಡಿ, ನೂರಾರು ಜನ ಸೊಂಟದ ಮಟ್ಟದ ನೀರಿನಲ್ಲಿ ಬಗ್ಗಿ ಬಳಚು, ಅಂದರೆ ಚಿಪ್ಪುಮೀನು, ಆರಿಸುತ್ತಿರುತ್ತಾರೆ. ನೀರು ಏರಲು ಶುರುವಾದರೆ ಯಾರೂ ಕೂಗಿ ಹೇಳಬೇಕಾಗಿಲ್ಲ, ಎಲ್ಲರೂ ಎದ್ದು ದಡಕ್ಕೆ ನಡೆಯುತ್ತಾರೆ.

ಅಲ್ಲಿನ ಗಜನಿ ಗದ್ದೆಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಗಜನಿ ಅಂದರೆ ಹಿನ್ನೀರಿಗಿಂತ ತಗ್ಗಿನಲ್ಲಿರುವ, ಉಪ್ಪುನೀರು ನುಗ್ಗುವ ಗದ್ದೆ. ಸುತ್ತ ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆ ಬಾಗಿಲು, ಜಂತ್ರಡಿ ಅಂತ ಹೆಸರು. ಮಳೆಗಾಲದಲ್ಲಿ ಉಬ್ಬರ ಬಂದಾಗ ಹಲಗೆ ಹಾಕಿ ಉಪ್ಪನ್ನು ತಡೆಯುತ್ತಾರೆ. ಇಳಿತದಲ್ಲಿ ತೆಗೆದು ಗದ್ದೆಯ ನೀರು ಹೊರಗೆ ಬಿಡುತ್ತಾರೆ. ಮಳೆ ಗದ್ದೆಯನ್ನು ತೊಳೆದುಕೊಡುತ್ತದೆ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪಿಗೂ ಜಗ್ಗುವುದಿಲ್ಲ, ನೆರೆಗೂ ಜಗ್ಗುವುದಿಲ್ಲ. ಗೊಬ್ಬರ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಮೀನು, ಸಿಗಡಿ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಸಾರು. ಇದಕ್ಕಿಂತ ಬುದ್ಧಿವಂತಿಕೆಯ ಬೇಸಾಯ ನಾನು ನೋಡಿಲ್ಲ. ಆದರೆ ಸಿಗಡಿ ದುಡ್ಡು ಬೇಗ ಬರುತ್ತದೆ, ಭತ್ತದ ದುಡ್ಡು ನಿಧಾನ. ಸಿಗಡಿಯ ಆಸೆಗೆ ಎಷ್ಟೋ ಕಡೆ ಕಟ್ಟೆ, ಬಾಗಿಲು ಹಾಳುಬಿದ್ದವು, ಕಗ್ಗದ ಗದ್ದೆ ಕುಗ್ಗಿತು. ಮಾಣಿಕಟ್ಟಾ ಕಡೆಯ ರೈತರು ಇನ್ನೂ ಬೀಜ ಉಳಿಸಿಕೊಂಡಿದ್ದಾರೆ.

ಇಲ್ಲಿನ ಗಡಿಯಾರ ಚಂದ್ರನದು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಹಾಗಾಗಿ ಇವತ್ತು ಏಳಕ್ಕೆ ಬಂದ ನೀರು ನಾಳೆ ಏಳಕ್ಕೆ ಬರುವುದಿಲ್ಲ, ಏಳು ಐವತ್ತಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಈ ಐವತ್ತು ನಿಮಿಷ ನನಗೆ ಪಾಠ ಕಲಿಸಿದೆ. ಒಂದು ಕುರ್ವೆಗೆ ಸಣ್ಣ ದೋಣಿಯಲ್ಲಿ ಹೋಗಿದ್ದೆ. ಮೊದಲ ದಿನ ಸಂಜೆ ಐದಕ್ಕೆ ಆರಾಮಾಗಿ ವಾಪಸ್ ಬಂದೆ. ಮಾರನೇ ದಿನ ಬೇರೆ ಹುಡುಗನ ದೋಣಿ. ಅದೇ ಐದು ಗಂಟೆ ಅಂತ ನಾನೇ ಜಂಬದಿಂದ ಹೇಳಿದೆ. ಅವನು ಒಮ್ಮೆ ನೀರು ನೋಡಿದ, ಒಮ್ಮೆ ನನ್ನ ಮುಖ ನೋಡಿದ, ಸುಮ್ನಾದ. ಐದಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ದೋಣಿ ಕೆಸರಿಗೆ ಕೂತಿತು. ದಡ ಕಾಣುತ್ತಿದೆ, ದಡದ ಮೇಲಿನ ಚಹಾ ಅಂಗಡಿಯ ಲೈಟೂ ಕಾಣುತ್ತಿದೆ. ಇಳಿದು ನಡೆದರೆ ತೊಡೆ ತನಕ ಕೆಸರು. ನೀರು ವಾಪಸ್ ಬರುವ ತನಕ ಕೂತೆವು. ನನ್ನ ಹತ್ತಿರ ಒಂದು ಪ್ಯಾಕೆಟ್ ಬಿಸ್ಕತ್ತು ಇತ್ತು, ಅವನ ಹತ್ತಿರ ಬೇಕಾದಷ್ಟು ಸಮಯ ಇತ್ತು. ಮೊದಲೇ ಯಾಕಪ್ಪ ಹೇಳಲಿಲ್ಲ ಅಂತ ಕೇಳಿದೆ. ‘ನಿಮಗೆ ಗೊತ್ತಿರಬೇಕು ಅಂದ್ಕೊಂಡೆ’ ಅಂದ.

ಕಡಲಿನ ದ್ವೀಪಗಳಿಗೆ ಬರುತ್ತೇನೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ನಿಮ್ಮಲ್ಲಿ ಸುಮಾರು ಜನ ನೋಡಿರುತ್ತೀರಿ. ಊರವರ ಬಾಯಲ್ಲಿ ಅದು ತೋನ್ಸೆಪಾರ್. ಅಲ್ಲಿ ಯಾರೂ ವಾಸ ಇಲ್ಲ. ಕಲ್ಲುಗಳೇ ಅಲ್ಲಿನ ಜನ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಅದು. ಆರುವಾಗ ಕುಗ್ಗಿ ಬಿರುಕುಬಿಟ್ಟಿತು, ಕೆರೆಯ ಕೆಸರು ಬೇಸಿಗೆಯಲ್ಲಿ ಬಿರಿಯುತ್ತದಲ್ಲ, ಹಾಗೆ. ಅದಕ್ಕೇ ಅಲ್ಲಿನ ಕಲ್ಲುಕಂಬಗಳಿಗೆ ಐದಾರು ಮೂಲೆ. ಮಳೆಗಾಲದಲ್ಲಿ ದೋಣಿ ಇಲ್ಲ. ಅಲ್ಲಿನ ಗಡಿಯಾರಕ್ಕೆ ವರ್ಷಕ್ಕೆ ಒಂದೇ ಮುಳ್ಳು, ಮುಂಗಾರು. ಹೊನ್ನಾವರದ ಎದುರಿನ ಬಸವರಾಜದುರ್ಗ ಇನ್ನೊಂದು. ಮೇಜಿನ ಹಾಗೆ ಚಪ್ಪಟೆ ತಲೆಯ ಜಂಬಿಟ್ಟಿಗೆ ಗುಡ್ಡ, ಸುತ್ತ ಕೆಳದಿ ನಾಯಕರ ಕಾಲದ ಕೋಟೆ ಗೋಡೆ. ಕಾರವಾರದ ಕೂರ್ಮಗಡದಲ್ಲಿ ನರಸಿಂಹನ ಗುಡಿ ಇದೆ. ಜನವರಿಯ ಹೊತ್ತಿಗೆ ಬರುವ ಒಂದು ದಿನದ ಜಾತ್ರೆಗೆ ಜನ ದೋಣಿ ತುಂಬಿಕೊಂಡು ಹೋಗುತ್ತಾರೆ. 2019ರ ಜಾತ್ರೆಯಿಂದ ಮರಳುವಾಗ ಒಂದು ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ಲೈಫ್ ಜಾಕೆಟ್ ಕೊಟ್ಟರೆ ‘ಸೆಕೆ’ ಅಂತ ಪಕ್ಕಕ್ಕಿಡುವವರಿಗೆ ನಾನು ಇದನ್ನು ನೆನಪಿಸುತ್ತೇನೆ.

ಅಂಜದೀವ್ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಇರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ಕಾರವಾರದ ಬಿಣಗಾ ಕಡೆಯ ದಡಕ್ಕೆ ಅಂಟಿಕೊಂಡ ಹಾಗೆ ಇದೆ. ಆದರೆ ಲೆಕ್ಕದಲ್ಲಿ ಗೋವಾದ್ದು. ಯಾಕೆ ಅಂದರೆ ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. ಅಲ್ಲಿ ಒಳ್ಳೆಯ ಸಿಹಿನೀರು ಸಿಗುತ್ತಿತ್ತು. ಹಡಗಿನವರಿಗೆ ಚಿನ್ನಕ್ಕಿಂತ ಮೊದಲು ಬೇಕಾಗುವುದು ನೀರು. 1498ರಲ್ಲಿ ವಾಸ್ಕೋ ಡ ಗಾಮ ಮರಳಿ ಹೋಗುವಾಗ ಇಲ್ಲಿ ನಿಂತು ಹಡಗಿನ ತಳ ಕೆರೆಸಿ, ನೀರು ತುಂಬಿಸಿಕೊಂಡ. 1505ರಲ್ಲಿ ಅಲ್ಮೇಡ ಬಂದು ಕೋಟೆ ಕಟ್ಟಿಸಿದ. ಸ್ವಲ್ಪ ದಿನಕ್ಕೇ ಅವರೇ ಕೆಡವಿದರು. ನೂರಾರು ವರ್ಷ ಆದ ಮೇಲೆ ಮತ್ತೆ ಕಟ್ಟಿದರು.

ನನಗೆ ಕಾಡುವುದು ನಡುವಿನ ಒಂದು ಕಥೆ. ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ಜೊತೆ ಮದುವೆ ನಿಶ್ಚಯವಾಯಿತು. ವರದಕ್ಷಿಣೆ ಪಟ್ಟಿಯಲ್ಲಿ ಮುಂಬಯಿ ಇತ್ತು. 1662ರಲ್ಲಿ ಅದನ್ನು ವಶಕ್ಕೆ ತೆಗೆದುಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ನಾಲ್ಕೈದು ನೂರು ಸೈನಿಕರ ಜೊತೆ ಬಂದ. ಮುಂಬಯಿಯ ಪೋರ್ಚುಗೀಸರು ಕಾಗದ ಸರಿಯಿಲ್ಲ ಅಂದರು. ಕಾಗದ ಸರಿಯಿಲ್ಲ! ಕಚೇರಿಗೆ ಅಲೆದವರಿಗೆ ಈ ಮಾತು ಹೊಸದಲ್ಲ. ಬೇರೆ ಕಾಗದ ಯುರೋಪಿನಿಂದ ಬರಬೇಕು. ಆ ಕಾಲದ ಹಡಗಿನಲ್ಲಿ ಹೋಗಿ ಬರಲು ಒಂದು ವರ್ಷಕ್ಕೂ ಜಾಸ್ತಿ. ಅಲ್ಲಿಯ ತನಕ ಇಷ್ಟು ಜನ ಎಲ್ಲಿ ಇರಬೇಕು? ಅಂಜದೀವ್‌ನಲ್ಲಿ ಇಳಿಸಿದರು. ನೆರಳಿಗೆ ಸರಿಯಾದ ಮನೆ ಇಲ್ಲ. ಎರಡು ಮಳೆಗಾಲ ಕಳೆದವು. ಜ್ವರ, ಭೇದಿ. 1664ರಲ್ಲಿ ಶಿಪ್‌ಮನ್ ಅಲ್ಲೇ ಸತ್ತ. 1665ರ ಆರಂಭದಲ್ಲಿ ಅವನ ಕೈಕೆಳಗಿದ್ದ ಹಂಫ್ರಿ ಕುಕ್ ಕೊನೆಗೂ ಮುಂಬಯಿ ವಹಿಸಿಕೊಂಡಾಗ ಉಳಿದಿದ್ದವರು ನೂರರ ಆಸುಪಾಸು. ಎದುರಿಗೇ ದಡ ಕಾಣುತ್ತದೆ. ನಮ್ಮ ಕಾರವಾರದ ಗುಡ್ಡ, ಹಸಿರು, ಸಂಜೆ ಹೊಗೆ ಏಳುವ ಮನೆಗಳು. ಅಲ್ಲಿಂದ ಅದನ್ನು ನೋಡುತ್ತಾ ಒಂದು ಕಾಗದಕ್ಕೆ ಕಾದು ಸತ್ತವರು ಮುನ್ನೂರಕ್ಕೂ ಹೆಚ್ಚು ಜನ.

ಮುಂದಿನದು ನಿಮಗೆ ಗೊತ್ತಿರಬಹುದು. 1961ರ ನವೆಂಬರಿನಲ್ಲಿ ಪೋರ್ಚುಗೀಸರು ಅಂಜದೀವ್‌ನಿಂದ ಸಬರ್ಮತಿ ಎಂಬ ನಮ್ಮ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ದ್ವೀಪ ಹಿಡಿಯಲು ಹೋಯಿತು. ತ್ರಿಶೂಲ್ ಹಡಗಿನ ಜೊತೆ ನಿಂತು ತೋಪು ಹಾರಿಸಿದ ಹಡಗಿನ ಹೆಸರು ಐಎನ್‌ಎಸ್ ಮೈಸೂರು. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಈಗ ಅದು ಕದಂಬ ನೌಕಾನೆಲೆಯ ಒಳಗೆ ಸೇರಿದೆ. ನೀವು, ನಾವು ಹೋಗುವ ಹಾಗಿಲ್ಲ. ಬೀಚಿನಿಂದ ನೋಡಬಹುದು, ಅಷ್ಟೇ.

ಈಗ ಕಡಲು ಬಿಟ್ಟು ಬಯಲಿಗೆ ಬನ್ನಿ. ಕೃಷ್ಣಾ ನದಿ. ಕರಾವಳಿಯವರಿಗೆ ಚಂದ್ರ ಇದ್ದ ಹಾಗೆ ಇಲ್ಲಿಯವರಿಗೆ ನಾರಾಯಣಪುರ ಅಣೆಕಟ್ಟಿನ ಗೇಟು. ಲಿಂಗಸುಗೂರು ತಾಲ್ಲೂಕಿನ ಜಲದುರ್ಗ, ಆದಿಲ್‌ಶಾಹಿಗಳ ಕಾಲದಲ್ಲಿ ಹೆಸರಾದ ಕೋಟೆ, ನದಿಯ ಕವಲುಗಳ ನಡುವೆ ಇದೆ. ಕೋಟೆ ಕಟ್ಟಿದವರಿಗೆ ನೀರು ರಕ್ಷಣೆ. ಈಗಿನ ಗಡ್ಡಿಗಳ ಜನಕ್ಕೆ ಅದೇ ನೀರು ತಾಪತ್ರಯ. ಇಲ್ಲಿ ಒಂದು ಹನಿ ಮಳೆ ಬೀಳದೆ ಇರಬಹುದು. ಮಹಾಬಲೇಶ್ವರದ ಕಡೆ ಸುರಿದ ಮಳೆ ಆಲಮಟ್ಟಿಗೆ ಬಂದು, ಅಲ್ಲಿಂದ ನಾರಾಯಣಪುರಕ್ಕೆ ಬಂದು, ಗೇಟು ತೆಗೆದರು ಅಂದರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಬಿಸಿಲು ಹೊಡೆಯುವ ದಿನ ಪ್ರವಾಹ! ಎಷ್ಟು ಲಕ್ಷ ಕ್ಯೂಸೆಕ್ ಬಿಟ್ಟರೆ ಯಾವ ದಾರಿ ಹೋಗುತ್ತದೆ ಅಂತ ಅಲ್ಲಿನ ಶಾಲೆ ಮಕ್ಕಳೂ ಹೇಳುತ್ತಾರೆ. ಬೆಂಗಳೂರಿನ ನಮಗೆ ಕ್ಯೂಸೆಕ್ ಅಂದರೆ ಟಿವಿಯಲ್ಲಿ ಓಡುವ ಸಾಲು. ಅವರಿಗೆ ಅದು ರಜೆ, ಪರೀಕ್ಷೆ, ಹೆರಿಗೆ.

ಹೆರಿಗೆ ಅಂದದ್ದು ಸುಮ್ನೆ ಅಲ್ಲ. 2014ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ಆಸ್ಪತ್ರೆ ಆಚೆ ದಡದಲ್ಲಿತ್ತು. ಪತ್ರಿಕೆಗಳು ಸಾಹಸ ಅಂತ ಬರೆದವು. ಹೌದು, ಸಾಹಸವೇ. ಆದರೆ ಸಾಹಸ ಅಂದುಬಿಟ್ಟರೆ ನಮ್ಮ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ, ನನಗೆ ಆ ಮಾತು ಇಷ್ಟವಿಲ್ಲ. ಅದೇ ನದಿಯಲ್ಲಿ ರಾಯಚೂರು ತಾಲ್ಲೂಕಿನ ಕುರವಪುರಕ್ಕೆ ದತ್ತ ಭಕ್ತರು ದೂರದೂರದಿಂದ ಬರುತ್ತಾರೆ. ಶ್ರೀಪಾದ ಶ್ರೀವಲ್ಲಭರ ಸ್ಥಳ. ಹರಿಗೋಲು ಗರಗರ ತಿರುಗುವಾಗ ಯಾತ್ರಿಕರು ಜಯಘೋಷ ಹಾಕುತ್ತಾರೆ. ಯಾತ್ರಿಕನಿಗೆ ಹರಿಗೋಲು ಒಂದು ದಿನದ ಪುಣ್ಯ. ಅಲ್ಲಿಯವರಿಗೆ ಅದೇ ಸಿಟಿ ಬಸ್.

ಕೊನೆಯದು, ನಾವೇ ಮಾಡಿದ ದ್ವೀಪ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಕಣಿವೆ ತುಂಬಿತು. ಗುಡ್ಡದ ತಲೆಗಳು ನಡುಗಡ್ಡೆಗಳಾದವು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಯ ಊರುಗಳಿಗೆ ಪೇಟೆಯ ದಾರಿ ಮುಳುಗಿತು. ತುಮರಿ ಕಡೆಯವರನ್ನು ದ್ವೀಪದವರು ಅಂತಲೇ ಕರೆಯುವುದು ರೂಢಿಯಾಯಿತು. ಭೂಗೋಳದ ಮೇಷ್ಟ್ರು ಒಪ್ಪುವುದಿಲ್ಲ, ಹಿಂದಿನಿಂದ ಕಾಡಿನ ದಾರಿ ಇದೆಯಲ್ಲ ಅನ್ನುತ್ತಾರೆ. ಆದರೆ ದಶಕಗಳ ಕಾಲ ಅವರು ಲಾಂಚಿಗೆ ಕಾದರು. ನಾನು ಮೊದಲು ಹೇಳಿದ ಲೆಕ್ಕದಲ್ಲಿ ಅದು ಪಕ್ಕಾ ದ್ವೀಪ. ನಾಡಿಗೆ ಕರೆಂಟು ಹೋಯಿತು, ಅವರಿಗೆ ಸಂಜೆಯ ಕೊನೇ ಲಾಂಚು ಉಳಿಯಿತು. ರಾತ್ರಿ ಎದೆನೋವು ಬಂದರೆ ಏನು ಮಾಡುವುದು ಅಂತ ಅಲ್ಲಿನ ಹಿರಿಯರೊಬ್ಬರನ್ನು ಕೇಳಿದ್ದೆ. ‘ಬೆಳಗಿನ ತನಕ ಬರಬೇಡ ಅಂತ ಹೇಳಬೇಕು’ ಅಂದಿದ್ದರು.

ಲಾಂಚಿನ ಮೇಲೆ ಬಸ್ಸು, ಕಾರು, ಬೈಕು, ಸಿಗಂದೂರಿಗೆ ಹೊರಟ ಭಕ್ತರು, ಅಡಿಕೆ ಮೂಟೆ ಎಲ್ಲ ಒಟ್ಟಿಗೆ ತೇಲುತ್ತಿದ್ದವು. ನಮಗೆ ಅದು ಚೆಂದ. ರೀಲ್ಸ್ ಮಾಡಲು ತುಂಬ ಚೆಂದ. 2025ರ ಜುಲೈ 14ರಂದು ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಯಿತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ, ಕೇಬಲ್ಲಿನಿಂದ ಎಳೆದು ಕಟ್ಟಿದ ಸೇತುವೆ. ‘ಲಾಂಚಿನ ಮಜಾ ಹೋಯಿತು’ ಅಂತ ಕೆಲವರು ಬೇಜಾರು ಮಾಡಿಕೊಂಡರು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನವರು.

ಸೇತುವೆ ಆದ ಮೇಲೆ ನಾನೂ ಹೋಗಿದ್ದೆ. ಆಚೆ ದಡದಲ್ಲಿ ಒಬ್ಬ ಅಜ್ಜಿ ಸಾಗರಕ್ಕೆ ಹೊರಟು ನಿಂತಿದ್ದರು. ಈಗ ಆರಾಮ ಆಯ್ತಾ ಅಮ್ಮ ಅಂದೆ. ‘ಆಯ್ತು. ಮೊದಲು ಲಾಂಚ್ ತಪ್ಪಿದ್ರೆ ಬೈಕೊಳ್ತಿದ್ವಿ, ಈಗ ಬಸ್ ತಪ್ಪಿದ್ರೆ ಬೈಕೊಳ್ತೀವಿ’ ಅಂದರು. ಆವತ್ತು ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ಇಬ್ಬರೂ ಸೇರಿ ಬೈದುಕೊಂಡೆವು.